ನಲವತ್ತೇಳನೇ ತುಣುಕು

ನಿವೃತ್ತಿಯಾಗಿ ನಾಲ್ಕು ವರ್ಷದ ಮೇಲೆ ಮತ್ತೆ ಪ್ರಯೋಗಾಲಯದ ಹೊಸ್ತಿಲಲ್ಲಿ ನಿಂತಾಗ ಪೊಲೀಸಕ್ಕ ಮೊದಲು ಮಾಡಿದ ಕೆಲಸವೆಂದರೆ ಎದುರಿಗೆ ನಿಂತವಳ ಕಿವಿ ನೋಡಿದ್ದು. ಓಲೆ ಇರಲಿಲ್ಲ. ಆಮೇಲೆ ಕೈ ನೋಡಿದಳು. ಬಳೆ, ಉಂಗುರ, ಗಡಿಯಾರ ಒಂದೂ ಇರಲಿಲ್ಲ. ಕೂದಲನ್ನು ಬಟ್ಟೆಯ ಪಟ್ಟಿಯಿಂದ ಕಟ್ಟಿತ್ತು.

"ಪಾಸಾದೆನಾ ಅಕ್ಕ?" ಎಂದಳು ಹೊಸ ಮೇಡಂ. ಮೂವತ್ತೆರಡರ ಈ ವಿಜ್ಞಾನಿ ಪ್ರಯೋಗಾಲಯದ ಹೊಣೆ ಹೊತ್ತು ವರ್ಷವಾಗಿತ್ತು. ಪೊಲೀಸಕ್ಕನನ್ನು ಇವತ್ತು ಬರಹೇಳಿದ್ದು ಅವಳೇ.

"ಕನ್ನಡಕದಲ್ಲಿ ಸ್ಕ್ರೂ ಇರುತ್ತಲ್ಲ."

"ಇದರಲ್ಲಿಲ್ಲ. ನೀವು ಬರ್ತೀರಿ ಅಂತಲೇ ಪ್ಲಾಸ್ಟಿಕ್ಕಿಂದು ಹಾಕ್ಕೊಂಡು ಬಂದೆ."

"ಭಯ ಇದೆಯಲ್ಲ, ಅಷ್ಟಿರಲಿ" ಎಂದು ಪೊಲೀಸಕ್ಕ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಳು.

ಆ ಕೋಣೆಗೆ ಸಂಸ್ಥೆಯ ಕಡತಗಳಲ್ಲಿ ಮಾರುದ್ದದ ಹೆಸರಿತ್ತು. ಜನ ಕರೆಯುತ್ತಿದ್ದದ್ದು ಮಾತ್ರ ಲೋಹವಿಲ್ಲದ ಕೋಣೆ ಎಂದು. ಮಿದುಳಿನ ಕೋಶಗಳಲ್ಲಿ ಕಬ್ಬಿಣ ಎಷ್ಟು, ತಾಮ್ರ ಎಷ್ಟು, ಸತು ಎಷ್ಟು ಎಂದು ಅಳೆಯುವ ಕೋಣೆ ಅದು. ಅಳೆಯಬೇಕಾದದ್ದೇ ಲೋಹವಾದ್ದರಿಂದ ಅಳೆಯುವ ಜಾಗದಲ್ಲಿ ಲೋಹ ಇರುವಂತಿರಲಿಲ್ಲ. ನಲ್ಲಿ ಪ್ಲಾಸ್ಟಿಕ್ಕಿನದು. ಬೀರುವನ್ನು ಮೊಳೆ ಹೊಡೆಯದೆ ಮರದ ಗೂಟ ಸೇರಿಸಿ ಕಟ್ಟಿದ್ದರು. ಮಿದುಳಿನ ತುಣುಕು ಕತ್ತರಿಸಲು ಬೆಣಚುಕಲ್ಲನ್ನು ಕರಗಿಸಿ ಮಾಡಿದ ಚಾಕು ಇತ್ತು. ತುಣುಕು ಹಾಕುವ ಪ್ಲಾಸ್ಟಿಕ್ ಸೀಸೆಗಳು ಒಂದು ವಾರ ಆ್ಯಸಿಡ್ಡಿನಲ್ಲಿ, ಇನ್ನೊಂದು ವಾರ ಶುದ್ಧ ನೀರಿನಲ್ಲಿ ಮುಳುಗಿರುತ್ತಿದ್ದವು. ಆ ಸೀಸೆಗಳಿಗೆ ಆಗುತ್ತಿದ್ದಂಥ ಸ್ನಾನ ಸಂಸ್ಥೆಯ ಯಾವ ಅಧಿಕಾರಿಗೂ ಜನ್ಮದಲ್ಲಿ ಆಗಿಲ್ಲ ಎಂದು ಕೆಲಸಗಾರರು ಆಡಿಕೊಳ್ಳುತ್ತಿದ್ದರು.

ಇಪ್ಪತ್ತೊಂಬತ್ತು ವರ್ಷ ಆ ಸೀಸೆ ತೊಳೆದು, ತುಣುಕು ಕತ್ತರಿಸಿ, ಬಾಗಿಲಲ್ಲಿ ಕಾವಲು ನಿಂತವಳು ಈಕೆ. ಹೊಸ್ತಿಲಲ್ಲಿ ಒಂದು ಮರದ ತಟ್ಟೆ ಇಟ್ಟು, ಬಂದವರ ಕಿವಿ, ಮೂಗು, ಕೈ, ಜೇಬು ತಪಾಸಣೆ ಮಾಡಿ ಎಲ್ಲವನ್ನೂ ಅದರಲ್ಲಿ ಬಿಚ್ಚಿಡಿಸುತ್ತಿದ್ದಳು. ಪೊಲೀಸಕ್ಕ ಎಂಬ ಹೆಸರು ಬಿದ್ದದ್ದು ಹಾಗೆ. ಒಮ್ಮೆ ದೊಡ್ಡ ಅಧಿಕಾರಿಯೊಬ್ಬರು ಪರಿಶೀಲನೆಗೆ ಬಂದಿದ್ದರು. ಅವರ ಬಾಯಲ್ಲಿ ಚಿನ್ನದ ಹಲ್ಲು. ಅದನ್ನು ಬಿಚ್ಚಿಡಿ ಎನ್ನುವಂತಿರಲಿಲ್ಲ. "ಸರ್, ಒಳಗಿರೋವಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರಬೇಕು" ಎಂದಿದ್ದಳು. ಅಧಿಕಾರಿ ತಲೆಯಾಡಿಸಿ ಒಳಗೆ ಹೋಗಿ, ಇಪ್ಪತ್ತು ನಿಮಿಷ ಒಂದಕ್ಷರ ಮಾತಾಡದೆ ಪರಿಶೀಲಿಸಿ ಬಂದರು. ಅಷ್ಟು ಸುಖವಾದ ಪರಿಶೀಲನೆ ಹಿಂದೆಂದೂ ಆಗಿರಲಿಲ್ಲ ಎಂದು ದೊಡ್ಡ ಡಾಕ್ಟರು ತಿಂಗಳುಗಟ್ಟಲೆ ನಗುತ್ತಿದ್ದರು.

ದೊಡ್ಡ ಡಾಕ್ಟರೆಂದರೆ ಆ ಕೋಣೆಯನ್ನು ಕಟ್ಟಿಸಿದವರು. ಮಿದುಳಿಗೆ ಲೋಹವೆಂದರೆ ವಿಷವಲ್ಲ, ಬೇಕೇ ಬೇಕಾದ ಸಾಮಾನು ಎಂದು ಅವಳಿಗೆ ಮೊದಲ ದಿನವೇ ಹೇಳಿಕೊಟ್ಟವರು. ಕಬ್ಬಿಣ ಇಲ್ಲದಿದ್ದರೆ ಕೋಶಕ್ಕೆ ಉಸಿರಾಟವಿಲ್ಲ. ನೆನಪು ಕಟ್ಟುವ ಭಾಗದಲ್ಲಿ ನರದ ತುದಿಗಳು ಸತುವನ್ನು, ಅಂದರೆ ಜಿಂಕನ್ನು, ಕಣ್ಣಿಗೆ ಕಾಣದ ಚೀಲಗಳಲ್ಲಿ ತುಂಬಿಟ್ಟುಕೊಂಡಿರುತ್ತವೆ. ಪಕ್ಕದ ಕೋಶಕ್ಕೆ ಸುದ್ದಿ ಮುಟ್ಟಿಸುವಾಗ ಅದನ್ನೂ ಸುರಿಯುತ್ತವೆ. ತೊಂದರೆ ಶುರುವಾಗುವುದು ಅಳತೆ ಅಥವಾ ಜಾಗ ತಪ್ಪಿದಾಗ. ಮರೆವಿನ ಕಾಯಿಲೆಯವರ ಮಿದುಳಲ್ಲಿ ಕಟ್ಟಿಕೊಳ್ಳುವ ಗಂಟುಗಳಲ್ಲಿ ತಾಮ್ರ, ಕಬ್ಬಿಣ, ಸತು ಸೇರಿಕೊಂಡಿರುತ್ತವೆ.

"ಹಾಗಾದ್ರೆ ಲೋಹದಿಂದಲೇ ಕಾಯಿಲೆನಾ ಸರ್?" ಎಂದು ಅವಳು ಕೇಳಿದ್ದಳು.

"ಮನೆಗೆ ಬೆಂಕಿ ಬಿದ್ದಾಗ ಜನ ಸೇರಿರ್ತಾರೆ. ಸೇರಿದವರು ಬೆಂಕಿ ಹಚ್ಚಿದವರಾ, ಆರಿಸೋಕೆ ಬಂದವರಾ, ಸುಮ್ಮನೆ ನೋಡೋಕೆ ಬಂದವರಾ? ಅದು ಗೊತ್ತಾಗಬೇಕಾದರೆ ಮೊದಲು ತಲೆ ಎಣಿಸಬೇಕು. ನಮ್ಮ ಕೆಲಸ ಎಣಿಸೋದು."

ಎಣಿಸಿದ್ದರು. ಐವತ್ತೆಂಟು ಜನರ ಮಿದುಳಿನ ತುಣುಕು. ಮೊದಲ ನಲವತ್ತು, ನೆನಪು ನೆಟ್ಟಗಿದ್ದು ಸತ್ತವರದು, ಕಾಯಿಲೆ ಆಗಷ್ಟೇ ಶುರುವಾಗಿದ್ದವರದು. ನಲವತ್ತೊಂದರಿಂದ ಐವತ್ತೆಂಟರವರೆಗಿನ ಹದಿನೆಂಟು, ಹೆಂಡತಿ ಮಕ್ಕಳ ಗುರುತೂ ಸಿಗದಷ್ಟು ಮರೆವು ಬಲಿತವರದು. ಗ್ರಾಮಿಗೆ ಹದಿನಾಲ್ಕು ಮೈಕ್ರೋಗ್ರಾಮ್ ಇರಬೇಕಾದ ಸತು ಆ ಹದಿನೆಂಟರಲ್ಲಿ ಇಪ್ಪತ್ತೆರಡರ ಆಸುಪಾಸಿನಲ್ಲಿತ್ತು. ಮರೆವು ಬಲಿತಂತೆ ಸತು ಏರುತ್ತದೆ ಎಂದು ದೊಡ್ಡ ಡಾಕ್ಟರು ಪ್ರಬಂಧ ಬರೆದರು. ಅದಾಗಿ ಇಪ್ಪತ್ತಾರು ವರ್ಷ.

"ಇದನ್ನ ನೋಡಿ" ಎಂದು ಹೊಸ ಮೇಡಂ ಅವಳನ್ನು ಯಂತ್ರಗಳಿದ್ದ ಪಕ್ಕದ ಕೋಣೆಗೆ ಕರೆದೊಯ್ದು ಕಂಪ್ಯೂಟರಿನ ಪರದೆ ತಿರುಗಿಸಿದಳು.

ಹೆಬ್ಬೆರಳ ಉಗುರಿನಷ್ಟಿದ್ದ ತುಣುಕು ಪರದೆಯ ಮೇಲೆ ಅಂಗೈಯಷ್ಟಗಲ ಕಾಣುತ್ತಿತ್ತು. ಫ್ರೀಜರಿನಲ್ಲಿ ಉಳಿದಿದ್ದ ಹಳೆಯ ತುಣುಕುಗಳನ್ನು ಅವಳು ಹೊಸ ಯಂತ್ರಕ್ಕೆ ಒಡ್ಡಿದ್ದಳು. ಲೇಸರಿನಿಂದ ಚುಕ್ಕಿ ಚುಕ್ಕಿಯಾಗಿ ಸುಟ್ಟು, ಆ ಹೊಗೆಯಲ್ಲಿ ಯಾವ ಲೋಹ ಎಷ್ಟಿದೆ ಎಂದು ನಕ್ಷೆ ಬರೆಯುವ ಯಂತ್ರವದು. ಸತು ಕಡಿಮೆ ಇದ್ದಲ್ಲಿ ನೀಲಿ, ಹೆಚ್ಚಿದ್ದಲ್ಲಿ ಕೆಂಪು. ತುಣುಕಿನ ಒಡಲೆಲ್ಲ ನೀಲಿಯಾಗಿತ್ತು. ಸುತ್ತ ಅಂಚಿಗೆ ಮಾತ್ರ ಕೆಂಪು.

"ಮಿದುಳಿನ ಸತುವಾದ್ರೆ ಒಳಗಿರಬೇಕು. ಇದು ಹೊರಗಿಂದ ಅಂಟಿರೋದು" ಎಂದಳು ಹೊಸ ಮೇಡಂ.

"ಚಾಕುವಿಂದ ಅಂತೀಯಾ?"

"ಉಕ್ಕಿನ ಚಾಕು ಆಗಿದ್ರೆ ಜೊತೆಗೆ ಕ್ರೋಮಿಯಂ, ನಿಕ್ಕಲ್ ಬರಬೇಕಿತ್ತು. ಒಂದೂ ಇಲ್ಲ."

"ಉಕ್ಕಿನ ಚಾಕು ಆ ಕೋಣೆಗೆ ಬರೋಕೆ ನಾನು ಸತ್ತಿದ್ದೆನಾ? ನೀರಲ್ಲಿ ಏನಾದ್ರೂ?"

"ಸಾಕ್ಷಿ ಸೀಸೆಗಳ ಲೆಕ್ಕ ನೋಡಿದೆ. ಎಲ್ಲ ಶುದ್ಧ."

ಪ್ರತಿ ಸಲವೂ ತುಣುಕು ಹಾಕದ ಒಂದು ಸೀಸೆಯನ್ನು ಉಳಿದವುಗಳ ಜೊತೆಯಲ್ಲೇ ಆ್ಯಸಿಡ್ ಹಾಕಿ, ಕಾಯಿಸಿ, ಅಳೆಯುತ್ತಿದ್ದರು. ಅದರಲ್ಲಿ ಲೋಹ ಕಂಡರೆ ನೀರಿನದೋ ಆ್ಯಸಿಡ್ಡಿನದೋ ತಪ್ಪು ಎಂದರ್ಥ. ಅದಕ್ಕೆ ಸಾಕ್ಷಿ ಸೀಸೆ ಎಂದು ಹೆಸರು. ಸಾಕ್ಷಿ ಸರಿಯಾಗಿಯೇ ನುಡಿದಿತ್ತು.

"ಯಾವ ತುಣುಕು ಇಟ್ಕೋಬೇಕು ಅಂತ ತೀರ್ಮಾನಿಸೋ ಸಮಿತಿ ಶುಕ್ರವಾರ ಸೇರುತ್ತೆ" ಎಂದು ಹೊಸ ಮೇಡಂ ಮುಂದುವರಿಸಿದಳು. "ಏನು ಅಂಟಿದೆ, ಹೇಗೆ ಅಂಟಿತು ಅಂತ ಬರೆದು ಕೊಟ್ರೆ ಅಂಚು ಹೆರೆದು ಒಳಗಿನದನ್ನ ಉಳಿಸಿಕೋಬಹುದು. ಗೊತ್ತಿಲ್ಲ ಅಂದ್ರೆ, ಇನ್ನೇನೇನು ಅಂಟಿದೆಯೋ ಅಂತ ಹದಿನೆಂಟನ್ನೂ ಆಸ್ಪತ್ರೆಯ ಸುಡುವ ಒಲೆಗೆ ಕಳಿಸ್ತಾರೆ. ಫ್ರೀಜರಲ್ಲಿ ಜಾಗಕ್ಕೆ ಕಿತ್ತಾಡ್ತಿದ್ದಾರೆ. ಇವತ್ತು ಮಂಗಳವಾರ."

ಪೊಲೀಸಕ್ಕನಿಗೆ ಆ ಹದಿನೆಂಟೂ ಬಾಯಿಪಾಠ. ಕತ್ತರಿಸುವ ಪುಸ್ತಕದಲ್ಲಿ ಹೆಸರು ಬರೆಯುವಂತಿರಲಿಲ್ಲ. ಸಂಖ್ಯೆ, ವಯಸ್ಸು, ಕಸುಬು ಅಷ್ಟೇ. ನಲವತ್ತೊಂದು, ಟೇಲರ್, ಎಪ್ಪತ್ತಾರು. ನಲವತ್ತೆರಡು, ಶಾಲಾ ಶಿಕ್ಷಕಿ, ಎಪ್ಪತ್ತೊಂದು. ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಲು ಬಂದಿದ್ದ ಶಿಕ್ಷಕಿಯ ಗಂಡ ಲೋಹವಿಲ್ಲದ ಕೋಣೆಯ ಬಾಗಿಲಲ್ಲಿ ನಿಂತು, "ಮೂವತ್ತು ವರ್ಷ ಪಾಠ ಮಾಡಿದ ತಲೆ ಕಣಮ್ಮ, ಜೋಪಾನ" ಎಂದಿದ್ದರು. ಅವಳು ಆಗಲಿ ಎಂದಿದ್ದಳು.

"ಒಂದು ವಿಚಿತ್ರ ಇದೆ" ಎಂದು ಹೊಸ ಮೇಡಂ ಇನ್ನೊಂದು ನಕ್ಷೆ ತೆಗೆದಳು. ಇದರಲ್ಲಿ ಕೆಂಪು ಅಂಚೇ ಇರಲಿಲ್ಲ, ಮೂಲೆಯಿಂದ ಮೂಲೆಗೆ ನೀಲಿ. "ನಲವತ್ತೇಳು. ಹದಿನೆಂಟರಲ್ಲಿ ಇದೊಂದೇ ಶುದ್ಧ. ಪ್ರಬಂಧದಲ್ಲೂ ಇದೊಂದಕ್ಕೇ ಹದಿನಾಲ್ಕು ಬಂದಿದೆ, ಸರ್ ಅಡಿಟಿಪ್ಪಣಿ ಹಾಕಿದ್ದಾರೆ. ಅವತ್ತು ಏನು ಬೇರೆ ಆಗಿತ್ತು ಅಂತ ನಿಮಗೆ ನೆನಪಿದೆಯಾ?"

"ಪುಸ್ತಕ ಕೊಡು."

ಹಳದಿಗಟ್ಟಿದ ಪುಸ್ತಕದಲ್ಲಿ ಅವಳದೇ ದುಂಡಕ್ಷರ ಪುಟ ಪುಟವೂ ಸಾಲುಗಟ್ಟಿತ್ತು. ಬೆರಳಿಟ್ಟು ಇಳಿಯುತ್ತಾ ಹೋದಳು. ನಲವತ್ತೈದು, ನಲವತ್ತಾರು. ನಲವತ್ತೇಳರ ಸಾಲಿಗೆ ಬಂದು ಬೆರಳು ನಿಂತಿತು. ರೈಲ್ವೆ ಗಾರ್ಡ್, ಎಂಬತ್ತು ಎಂದು ಬರೆದಿತ್ತು. ಆದರೆ ಅಕ್ಷರ ಅವಳದಲ್ಲ. ಕಾಗೆ ಕಾಲು ಗುಬ್ಬಿ ಕಾಲು.

"ಇದು ದೊಡ್ಡ ಡಾಕ್ಟರ ಕೈಬರಹ" ಎಂದಳು.

"ಅವತ್ತು ನೀವು?"

"ರಜೆ."

ಅದೇ ಚಾಕು, ಅದೇ ನೀರು, ಅದೇ ಸೀಸೆ. ಪೊಲೀಸಕ್ಕ ಮುಟ್ಟಿದ ಹದಿನೇಳರಲ್ಲಿ ಸತು ಅಂಟಿದೆ, ಮುಟ್ಟದ ಒಂದರಲ್ಲಿ ಇಲ್ಲ.

"ನಿಮ್ಮ ಮೇಲೆ ಹೊರಿಸೋಕೆ ಕರೆಸಿದ್ದಲ್ಲ ಅಕ್ಕ" ಎಂದಳು ಹೊಸ ಮೇಡಂ.

"ಹೊರಿಸೋದೇನು ಬಂತು. ನಾನೇ ಎಣಿಸಿದೆನಲ್ಲ ಈಗ" ಎಂದು ಪೊಲೀಸಕ್ಕ ಪುಸ್ತಕ ಮುಚ್ಚಿದಳು. "ನನ್ನ ಮೈಮೇಲೆ ಏನಿತ್ತು ಅಂತ ಮಾತ್ರ ತಿಳೀತಿಲ್ಲ. ಮದುವೆ ಉಂಗುರವನ್ನೂ ಮನೆ ಡಬ್ಬಿಯಲ್ಲಿಟ್ಟು ಬರ್ತಿದ್ದವಳು ನಾನು."

ಮನೆಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅವಳು ಆ ರಜೆಯ ದಿನವನ್ನು ಹುಡುಕಿದಳು. ಹೆಚ್ಚು ಹುಡುಕಬೇಕಾಗಲಿಲ್ಲ. ಇದೇ ಬಸ್ಸಿನಲ್ಲಿ ಕಳೆದ ದಿನ ಅದು.

ಗಂಡ ಒಂದು ಸಣ್ಣ ಔಷಧಾಲಯದಲ್ಲಿ ಕಂಪೌಂಡರ್. ಬೀದಿಯವರಿಗೆಲ್ಲ ಕಂಪೌಂಡರು, ಕೊನೆಕೊನೆಗೆ ಅವಳ ಬಾಯಲ್ಲೂ ಕಂಪೌಂಡರೇ. ತೀರಿಕೊಂಡು ಆರು ವರ್ಷವಾಗಿತ್ತು. ಹದಿನೆಂಟನ್ನೂ ಕತ್ತರಿಸುತ್ತಿದ್ದ ಆ ಚಳಿಗಾಲದಲ್ಲಿ ಔಷಧಾಲಯಕ್ಕೆ ಸುಣ್ಣ ಬಳಿಯಲೆಂದು ಒಂದು ದಿನ ಬಾಗಿಲು ಹಾಕಿದ್ದರು. ನೀನೂ ರಜೆ ಹಾಕು ಎಂದರು ಕಂಪೌಂಡರು.

"ಎಲ್ಲಿಗೆ ಹೋಗೋದು?"

"ಆರು ವರ್ಷದಿಂದ ಅದೇ ಬಸ್ಸಲ್ಲಿ ಹೋಗ್ತಿದ್ದೀಯ. ನಡುವೆ ಇಳಿದುಬಿಡ್ತೀಯ. ಅದರ ಕೊನೆ ನಿಲ್ದಾಣ ಹೇಗಿದೆ ಅಂತ ಒಂದು ದಿನವಾದ್ರೂ ನೋಡಿದ್ದೀಯಾ?"

ಕೊನೆ ನಿಲ್ದಾಣದಲ್ಲಿ ಒಂದು ನೀರಿನ ಟ್ಯಾಂಕು, ಒಂದು ಚಹದಂಗಡಿ, ಕಾಲು ಮುರಿದ ಒಂದು ಬೆಂಚು ಇದ್ದವು. ಅಷ್ಟೇ. ಯಾರನ್ನು ನೋಡಬೇಕಿತ್ತು ಎಂದು ಚಹದವನು ಕೇಳಿದ. ಯಾರನ್ನೂ ಇಲ್ಲ, ನಿಲ್ದಾಣ ನೋಡಲು ಬಂದೆವು ಎಂದರು ಕಂಪೌಂಡರು. ಅವನು ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ, ಚಹಾ ಕೊಡುವ ಮೊದಲೇ ಕಾಸು ಕೇಳಿದ. ಅದನ್ನು ಹೇಳಿಕೊಂಡು ಇಬ್ಬರೂ ವರ್ಷಗಟ್ಟಲೆ ನಕ್ಕಿದ್ದರು. ಬಿಸಿ ಲೋಟ ಹಿಡಿಯಲು ಹೋಗಿ ಅವಳು ಹಾ ಎಂದು ಕೈ ಹಿಂದೆ ತೆಗೆದುಕೊಂಡಿದ್ದಳು. ಬೆರಳಿನ ಗೆಣ್ಣುಗಳೆಲ್ಲ ಒಡೆದು ರಕ್ತ ಜಿನುಗುತ್ತಿತ್ತು. ಕಂಪೌಂಡರು ತಮ್ಮ ಲೋಟ ಬೆಂಚಿನ ಮೇಲಿಟ್ಟು, ಅವಳ ಲೋಟ ತಾವು ಹಿಡಿದುಕೊಂಡು ಕುಡಿಸಿದ್ದರು.

ಪೊಲೀಸಕ್ಕ ಕಿಟಕಿಯಿಂದ ಮುಖ ಈಚೆ ತಿರುಗಿಸಿದಳು. ಆ ಚಳಿಗಾಲದಲ್ಲಿ ಮಾತ್ರ ಕೈ ಹಾಗೆ ಒಡೆದಿತ್ತು. ಸೀಸೆ ತೊಳೆಯುವಾಗ ಹಾಕಿಕೊಳ್ಳುವ ದಪ್ಪ ಕೈಗವಸು ಮುಗಿದು, ಉಗ್ರಾಣಕ್ಕೆ ಬರಲು ಮೂರು ತಿಂಗಳಾಯಿತು. ತೆಳ್ಳನೆಯದನ್ನೇ ಎರಡೆರಡು ಹಾಕಿಕೊಂಡು ಆ್ಯಸಿಡ್ಡಿಗೆ ಕೈ ಇಳಿಸುತ್ತಿದ್ದಳು. ದಪ್ಪ ಗವಸು ಮುಗಿದಿದೆ, ದಪ್ಪ ಗವಸು ಇನ್ನೂ ಬಂದಿಲ್ಲ ಎಂದು ಅದೇ ಪುಸ್ತಕದ ಅಂಚಿನಲ್ಲಿ ತಾನೇ ಬರೆದದ್ದು ಈಗಷ್ಟೇ ಕಣ್ಣಿಗೆ ಬಿದ್ದಿತ್ತು.

ಆ ಮೂರು ತಿಂಗಳೂ ಬೆಳಗ್ಗೆ ಏಳೂವರೆಗೆ, ಬಸ್ಸಿಗೆ ಹೊರಡುವ ಮುನ್ನ, ಅಡುಗೆಮನೆಯ ಕಿಟಕಿಯ ಹತ್ತಿರ ಎರಡು ಮಣೆ ಹಾಕಿ ಕಂಪೌಂಡರು ಅವಳನ್ನು ಕೂರಿಸಿಕೊಳ್ಳುತ್ತಿದ್ದರು. ಔಷಧಾಲಯದಲ್ಲಿ ತಾವೇ ಅರೆದು ಮಾಡಿದ ಬಿಳಿ ಮುಲಾಮನ್ನು ಒಂದೊಂದೇ ಬೆರಳಿಗೆ, ಗೆಣ್ಣಿನಿಂದ ಉಗುರಿನವರೆಗೆ ಹಚ್ಚುತ್ತಿದ್ದರು. ಹತ್ತು ಬೆರಳಿಗೆ ಹತ್ತು ನಿಮಿಷ. ಅಷ್ಟು ಹೊತ್ತೂ ಊರ ಸುದ್ದಿ. ಯಾವ ರೋಗಿ ಕಹಿ ಔಷಧಿಯನ್ನು ಕಿಟಕಿಯಾಚೆ ಚೆಲ್ಲಿದ, ಯಾರು ಮಾತ್ರೆ ನುಂಗಲು ಹೆದರಿ ಅತ್ತರು. ಆಮೇಲೆ ಹಳೆ ಬಟ್ಟೆಯಿಂದ ಒರೆಸಿ, "ಹೋಗು ಇನ್ನು, ಕಳ್ಳರನ್ನ ಹಿಡಿ" ಎನ್ನುತ್ತಿದ್ದರು.

ಮುಂದಿನದನ್ನು ಅವಳ ತಲೆ ತಾನಾಗಿ ಜೋಡಿಸಿತು. ಕೋಣೆಗೆ ಹೋಗುವ ಮುನ್ನ ಕೈ ತೊಳೆಯುತ್ತಿದ್ದದ್ದು ಬರೀ ನೀರಿನಲ್ಲಿ. ಸಾಬೂನಿನಲ್ಲೂ ಲೋಹ ಇರಬಹುದೆಂದು ಸಾಬೂನನ್ನು ನಿಷೇಧಿಸಿದವಳು ಅವಳೇ. ಜಿಡ್ಡಿನ ಮುಲಾಮು ಬರೀ ನೀರಿಗೆ ಹೋಗುವುದಿಲ್ಲ. ಬಲಗೈಗೆ ಗವಸು ಹಾಕಿಕೊಳ್ಳುವಾಗ ಎಡಗೈಯ ಬರೀ ಬೆರಳಿನಿಂದ ಹಿಡಿದೆಳೆಯುವುದು ಗವಸಿನ ಹೊರಮೈಯನ್ನೇ. ಆ ಗವಸಿನಲ್ಲೇ ತುಣುಕನ್ನು ಹಿಡಿದು ಕತ್ತರಿಸುತ್ತಿದ್ದಳು.

ತನ್ನ ನಿಲ್ದಾಣದಲ್ಲಿ ಇಳಿಯದೆ ಇನ್ನೆರಡು ನಿಲ್ದಾಣ ದಾಟಿ, ಮೈದುನನ ಔಷಧಿ ಅಂಗಡಿಯ ಮುಂದೆ ಇಳಿದಳು. ಕಂಪೌಂಡರ ಕೈಕೆಳಗೇ ಕೆಲಸ ಕಲಿತವನು ಈ ಮೈದುನ.

"ಬನ್ನಿ ಅತ್ತಿಗೆ. ಬಿಪಿ ಮಾತ್ರೆ ಮುಗೀತಾ ಆಗಲೇ?"

"ಮಾತ್ರೆ ಇದೆ. ನಿಮ್ಮಣ್ಣ ಬಿಳಿ ಮುಲಾಮು ಮಾಡ್ತಿದ್ದರಲ್ಲ, ಅದರಲ್ಲಿ ಏನೇನು ಹಾಕ್ತಿದ್ರು?"

"ಕೈ ಮತ್ತೆ ಒಡೀತಾ? ಈಗ ಅದೆಲ್ಲ ಯಾರು ಅರೀತಾರೆ, ಒಳ್ಳೆ ಕ್ರೀಮು ಬಂದಿದೆ, ಕೊಡ್ತೀನಿ ಇರಿ."

"ಕ್ರೀಮು ಬೇಡಪ್ಪ. ಏನು ಹಾಕ್ತಿದ್ರು ಅಂತ ಹೇಳು."

"ಏನಿರುತ್ತೆ. ವ್ಯಾಸಲೀನು, ಒಂಚೂರು ಉಣ್ಣೆ ಕೊಬ್ಬು, ಐದರಲ್ಲಿ ಒಂದು ಪಾಲು ಜಿಂಕ್ ಆಕ್ಸೈಡು. ಆ ಬಿಳೀ ಬಣ್ಣ ಅದರದ್ದೇ. ಅಣ್ಣ ಅದನ್ನ ಅಳತೆಗಿಂತ ಒಂಚೂರು ಹೆಚ್ಚೇ ಹಾಕ್ತಿದ್ದ. ಯಾಕಣ್ಣ ಅಂದ್ರೆ, ನಿಮ್ಮ ಅತ್ತಿಗೇದು ಎಲ್ಲರಂಥ ಕೈ ಅಲ್ಲ ಕಣೋ ಅಂತಿದ್ದ." ಅವನು ಗಲ್ಲಾದ ಆಚೆಯಿಂದ ಬಗ್ಗಿ ನೋಡಿದ. "ಯಾಕೆ ಅತ್ತಿಗೆ, ಕೂತ್ಕೊಳ್ಳಿ. ನೀರು ಕೊಡ್ಲಾ?"

"ಕೊಡು" ಎಂದು ಅವಳು ಸ್ಟೂಲಿನ ಮೇಲೆ ಕೂತಳು.

ಬುಧವಾರವಿಡೀ ಅವಳು ಮನೆಯಿಂದ ಹೊರಗೆ ಹೋಗಲಿಲ್ಲ. ಕಾಗದ ತೆಗೆದುಕೊಂಡು ಲೆಕ್ಕ ಹಾಕಿದಳು. ಅಳತೆಗೆ ಹೋಗುತ್ತಿದ್ದ ಚೂರು ಗ್ರಾಮಿನ ಹತ್ತನೇ ಒಂದು ಭಾಗ. ಅದರಲ್ಲಿ ಸಹಜವಾಗಿರುವ ಸತು ಒಂದೂವರೆ ಮೈಕ್ರೋಗ್ರಾಮೂ ಇಲ್ಲ. ಐದು ಮೈಕ್ರೋಗ್ರಾಮ್ ಮುಲಾಮು ಅಂಟಿದರೆ ಸಾಕು, ಹದಿನಾಲ್ಕು ಇಪ್ಪತ್ತೆರಡಾಗುತ್ತದೆ. ಒಂದು ಸಾಸಿವೆ ಕಾಳನ್ನು ನಾನೂರು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟು. ಇಪ್ಪತ್ತೊಂಬತ್ತು ವರ್ಷ ಹೊಳೆಯುವುದನ್ನೆಲ್ಲ ಹುಡುಕಿ ಹಿಡಿದಿದ್ದಳು. ಇದು ಹೊಳೆಯುತ್ತಿರಲಿಲ್ಲ.

ನೆನಪಿಲ್ಲ ಎಂದುಬಿಡಬಹುದಿತ್ತು. ಮುಲಾಮಿನ ವಿಷಯ ಬಲ್ಲವರು ಮೈದುನನನ್ನು ಬಿಟ್ಟರೆ ಯಾರೂ ಇಲ್ಲ, ಅವನಿಗೆ ತುಣುಕಿನ ವಿಷಯ ಗೊತ್ತಿಲ್ಲ. ಇಷ್ಟು ವರ್ಷ ಕಾಪಾಡಿಕೊಂಡ ಹೆಸರು ಮಣ್ಣುಪಾಲಾಗುವುದು ಅವಳಿಗೆ ಸಣ್ಣ ಮಾತಲ್ಲ. ಆದರೆ ಹೆಚ್ಚು ಚುಚ್ಚುತ್ತಿದ್ದದ್ದು ಬೇರೆ. ಕಿಟಕಿಯ ಬಳಿಯ ಆ ಹತ್ತು ನಿಮಿಷ ಅವಳ ಜೀವನದಲ್ಲಿ ಬಹಳ ಸಿಹಿಯಾಗಿದ್ದ ಹೊತ್ತು. ಅದನ್ನು ಈಗ ಮಾಲಿನ್ಯದ ಮೂಲ ಎಂದು ತನ್ನ ಕೈಯಾರೆ ಬರೆದು, ಸಹಿ ಹಾಕಿ, ಸಮಿತಿಯ ಮುಂದೆ ಇಡಬೇಕು. ಸತ್ತವರ ಮೇಲೆ ಹೊರಿಸಿದಂತೆ ಆಗುವುದಿಲ್ಲವೇ ಎಂದು ಎದ್ದು ಓಡಾಡಿದಳು. ಸುಮ್ಮನಿದ್ದರೆ ಟೇಲರ್, ಶಿಕ್ಷಕಿ, ಗಾರ್ಡು, ಎಲ್ಲರೂ ಶುಕ್ರವಾರ ಒಲೆಗೆ.

ಮಧ್ಯಾಹ್ನ ಮೂರಕ್ಕೆ ದೊಡ್ಡ ಡಾಕ್ಟರಿಗೆ ಫೋನ್ ಮಾಡಿದಳು. ಅವರಿಗೆ ಎಂಬತ್ಮೂರು. ಕಿವಿ ಮಂದ, ಬುದ್ಧಿ ಚುರುಕು.

"ನಾನು ಸರ್, ಪೊಲೀಸಕ್ಕ."

"ಏನಮ್ಮ, ಮನೆಗಳ ಮೇಲೂ ದಾಳಿ ಶುರುವಾಯ್ತಾ? ನನ್ನ ಹಲ್ಲೆಲ್ಲ ಈಗ ಪ್ಲಾಸ್ಟಿಕ್ಕು, ಬಂದು ನೋಡ್ಕೋ."

ಅವಳು ನಗದೆ ಎಲ್ಲವನ್ನೂ ಹೇಳಿದಳು. ಕೆಂಪು ಅಂಚು, ನಲವತ್ತೇಳು, ಗವಸು, ಮುಲಾಮು.

"ನಲವತ್ತೇಳು ನಾನು ಕತ್ತರಿಸಿದ್ದು" ಎಂದರು ಡಾಕ್ಟರು.

"ಹೌದು ಸರ್."

"ಅದಕ್ಕೊಂದು ಅಡಿಟಿಪ್ಪಣಿ ಬೇರೆ ಹೊಸೆದೆ. ಈ ರೋಗಿಯ ಮಿದುಳಿಗೆ ಸತುವನ್ನ ತಡೆಯೋ ವಿಶೇಷ ಶಕ್ತಿ ಇದ್ದಿರಬಹುದು ಅಂತ." ಅವರು ಕೆಮ್ಮಿದಂತೆ ನಕ್ಕರು. "ಗಾರ್ಡಿಗೆ ಯಾವ ಶಕ್ತಿನೂ ಇರಲಿಲ್ಲ. ನನಗೆ ಮುಲಾಮು ಹಚ್ಚೋರು ಇರಲಿಲ್ಲ, ಅಷ್ಟೆ."

"ನನ್ನಿಂದ ನಿಮ್ಮ ಪ್ರಬಂಧ ಹಾಳಾಯ್ತು ಸರ್."

"ಕೇಳಿಲ್ಲಿ. ಆ ಹದಿನೆಂಟನ್ನೂ ಒಟ್ಟಿಗೆ ಕತ್ತರಿಸು ಅಂದವನು ನಾನು. ಮೊದಲ ನಲವತ್ತರ ಜೊತೆ ಕಲಸಿ ಕತ್ತರಿಸಿದ್ರೆ ಮುಲಾಮು ಎಲ್ಲ ಕಡೆ ಹಂಚಿಹೋಗಿ, ಇಲ್ಲೇನೋ ಎಡವಟ್ಟಾಗಿದೆ ಅಂತ ಆಗಲೇ ಗೊತ್ತಾಗ್ತಿತ್ತು. ಸಾಕ್ಷಿ ಸೀಸೆ ಕಾಯಿಸೋ ಒಲೆಯಿಂದ ಅಲ್ಲ, ಕತ್ತರಿಸೋ ಮೇಜಿಂದಲೇ ಹೊರಡಬೇಕಿತ್ತು. ಅದನ್ನ ಯೋಚಿಸದೇ ಇದ್ದವನೂ ನಾನು. ನೀನು ಬಾಗಿಲು ಕಾಯ್ತಿದ್ದೆ. ಒಳಗಿನ ಲೆಕ್ಕ ಕಾಯಬೇಕಾದವನು ನಾನು."

"ನಿಮ್ಮ ಹೆಸರು ಸರ್..."

"ಆ ಪ್ರಬಂಧ ಪೂರ್ತಿ ಓದಿದವರು ಮೂರು ಜನ ಇರಬಹುದು. ಅದರಲ್ಲಿ ಒಬ್ಬ ನಾನು. ಬರೆದು ಕೊಡು, ತಿದ್ದುಪಡಿಗೆ ನಾನೂ ಸಹಿ ಹಾಕ್ತೀನಿ." ಆಮೇಲೆ ಕೇಳಿದರು: "ಆ ಮುಲಾಮಿಂದ ಕೈಗೆ ಗುಣ ಕಾಣ್ತಿತ್ತಾ?"

"ಕಾಣ್ತಿತ್ತು ಸರ್. ಸಂಜೆ ಮತ್ತೆ ಒಡೀತಿತ್ತು. ಬೆಳಗ್ಗೆ ಅವರು ಮತ್ತೆ ಹಚ್ಚೋರು."

"ಹಾಗಾದ್ರೆ ಕಂಪೌಂಡರ ಕೆಲಸದಲ್ಲಿ ತಪ್ಪಿಲ್ಲ. ಹಾಗಂತಲೂ ಬರಿ" ಎಂದು ಫೋನ್ ಇಟ್ಟರು.

ಗುರುವಾರ ಬೆಳಗ್ಗೆ ಅವಳು ಮೈದುನನಿಂದ ಹಳೆಯ ಅಳತೆಯಲ್ಲೇ ಮುಲಾಮು ಅರೆಸಿಕೊಂಡು ಪ್ರಯೋಗಾಲಯಕ್ಕೆ ಹೋದಳು. ಕೋಣೆಯೊಳಗೆ ತರಲಿಲ್ಲ. ಹೊರಗಿನ ವರಾಂಡದಲ್ಲಿ ಹೊಸ ಮೇಡಮ್ಮನ ಎರಡೂ ಕೈಗೆ ತಾನೇ ಹಚ್ಚಿ, ಹತ್ತು ನಿಮಿಷ ಕಾದು, ಬಟ್ಟೆಯಲ್ಲಿ ಒರೆಸಿ, ಬರೀ ನೀರಿನಲ್ಲಿ ತೊಳೆಸಿದಳು.

"ಎಷ್ಟು ಹಿತವಾಗಿದೆ ಅಕ್ಕ ಇದು" ಎಂದಳು ಹೊಸ ಮೇಡಂ.

"ಮಾತಾಡಬೇಡ. ಗವಸು ಹಾಕು. ನಾನು ಹಾಕ್ಕೋತಿದ್ದ ಹಾಗೆ. ಹಾಗಲ್ಲ, ಬೆರಳಿಂದ ಹಿಡಿದು ಎಳಿ."

ಪಕ್ಕದ ಕೋಣೆಯಲ್ಲಿ, ಸತು ಸ್ವಲ್ಪವೂ ಇಲ್ಲದ ಗಟ್ಟಿ ಲೋಳೆಯ ತುಣುಕನ್ನು ಆ ಗವಸಿನಲ್ಲಿ ಹಿಡಿದು ಕತ್ತರಿಸಿದಳು ಹೊಸ ಮೇಡಂ. ಸಂಜೆ ನಾಲ್ಕಕ್ಕೆ ನಕ್ಷೆ ಬಂತು. ಒಡಲು ನೀಲಿ, ಸುತ್ತ ಕೆಂಪು ಅಂಚು. ಟೇಲರನ ನಕ್ಷೆಯ ಪಕ್ಕದಲ್ಲಿಟ್ಟರೆ ಅಣ್ಣತಮ್ಮಂದಿರಂತಿದ್ದವು.

ವರದಿಯನ್ನು ಪೊಲೀಸಕ್ಕ ತನ್ನ ದುಂಡಕ್ಷರದಲ್ಲೇ ಬರೆದಳು. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಮುಲಾಮಿನಲ್ಲಿ ಏನೇನು, ಎಷ್ಟೆಷ್ಟು, ಹೇಗೆ ಅಂಟಿತು. ಕೊನೆಯಲ್ಲಿ, ಮುಲಾಮು ಕೈಯ ಗಾಯಕ್ಕೆ ತಕ್ಕ ಔಷಧವೇ ಆಗಿತ್ತು, ಅದನ್ನು ಕೊಟ್ಟವರಿಗೆ ಈ ಕೋಣೆಯ ನಿಯಮ ತಿಳಿದಿರಲಿಲ್ಲ, ತಿಳಿದಿದ್ದವಳು ಕೇಳಲಿಲ್ಲ ಎಂದು ಸೇರಿಸಿದಳು.

ಹೊಸ ಮೇಡಂ ಓದಿದಳು. "ಈ ಕೊನೇ ಸಾಲು ಸಮಿತಿಗೆ ಬೇಕಾಗಿಲ್ಲ ಅಕ್ಕ. ಅವರು ಕೇಳೋದು ಏನು ಅಂಟಿತು ಅಂತ. ಯಾರು ಹಚ್ಚಿದ್ದು ಅಂತ ಅಲ್ಲ."

"ಅವರಿಗೆ ಬೇಡದೇ ಇರಬಹುದು. ಇರಲಿ ಬಿಡು."

ಸಾಲು ಉಳಿಯಿತು. ಸಮಿತಿ ಶುಕ್ರವಾರ ಮುಕ್ಕಾಲು ಗಂಟೆ ಕೂತು, ಎರಡು ನಕ್ಷೆ ನೋಡಿ, ನಾಲ್ಕು ಪ್ರಶ್ನೆ ಕೇಳಿ, ಹದಿನೆಂಟನ್ನೂ ಉಳಿಸಿಕೊಳ್ಳಲು ಒಪ್ಪಿತು. ಮುಟ್ಟದ ನಲವತ್ತೇಳು ಹಾಗೇ ಇರಲಿ, ಉಳಿದ ಹದಿನೇಳರ ಅಂಚನ್ನು ಸುತ್ತ ಒಂದು ಮಿಲಿಮೀಟರ್ ಹೆರೆದು ತೆಗೆಯಬೇಕು ಎಂಬುದು ಷರತ್ತು. ಹೆರೆಯುವವರು ಯಾರು ಎಂಬ ಪ್ರಶ್ನೆ ಬಂತು. ಈಗಿನವರೆಲ್ಲ ಯಂತ್ರದ ಗುಂಡಿ ಒತ್ತಿ ಬಲ್ಲವರು. ಬೆಣಚುಕಲ್ಲಿನ ಚಾಕು ಹಿಡಿದು ಪಳಗಿದ ಕೈ ಒಂದೇ ಇತ್ತು.

ಸೋಮವಾರ ಪೊಲೀಸಕ್ಕ ಬಂದಾಗ ಹೊಸ ಮೇಡಂ ಹೊಸ್ತಿಲಲ್ಲಿ ಅಡ್ಡ ನಿಂತಿದ್ದಳು.

"ಕೈ ತೋರಿಸಿ ಅಕ್ಕ."

"ಏನೂ ಹಚ್ಚಿಲ್ಲ. ಶುಕ್ರವಾರದಿಂದ ಬರೀ ನೀರು."

"ಮುಖಕ್ಕೆ ಪೌಡರು?"

"ನನ್ನ ವಯಸ್ಸಿಗಾ?"

"ಆದರೂ ಕೇಳಬೇಕಲ್ಲ" ಎಂದು ಹೊಸ ಮೇಡಂ ದಾರಿ ಬಿಟ್ಟಳು. ಗವಸನ್ನು ಈಗ ಬೆರಳಿನಿಂದ ಎಳೆಯುವಂತಿರಲಿಲ್ಲ. ಪ್ಲಾಸ್ಟಿಕ್ ಇಕ್ಕಳದಲ್ಲಿ ಅಂಚು ಹಿಡಿದು ಇನ್ನೊಬ್ಬರು ತೊಡಿಸಬೇಕು. ಹೊಸ ಮೇಡಂ ತೊಡಿಸಿದಳು. ಮೇಜಿನ ಮೇಲೆ ಇವರು ಕತ್ತರಿಸುವಷ್ಟು ಹೊತ್ತೂ ಬಾಯಿ ತೆರೆದಿರುವ ಒಂದು ಸಾಕ್ಷಿ ಸೀಸೆ ಕೂತಿತ್ತು.

ನಲವತ್ತೊಂದನ್ನು ಮೊದಲು ತೆಗೆದರು. ಟೇಲರ್, ಎಪ್ಪತ್ತಾರು. ಹಿಮಗಟ್ಟಿದ್ದದ್ದು ಚಾಕುವಿಗೆ ಬಗ್ಗುವಷ್ಟು ಮೆತ್ತಗಾಗುವವರೆಗೆ ಕಾದು, ಪೊಲೀಸಕ್ಕ ಉಸಿರು ಹಿಡಿದು ಆರೂ ಮೈಯನ್ನು ಹೆರೆದಳು. ಒಳಗಿನಿಂದ ಒಂದು ಚೂರು ತೆಗೆದು ಸೀಸೆಗೆ ಹಾಕಿದಳು. ಆ್ಯಸಿಡ್ಡಿನಲ್ಲಿ ಕರಗಿ, ಯಂತ್ರ ಹೊಕ್ಕು, ಸಂಖ್ಯೆ ಬರುವ ಹೊತ್ತಿಗೆ ಮಧ್ಯಾಹ್ನವಾಗಿತ್ತು.

"ಹದಿನಾಲ್ಕು" ಎಂದು ಹೊಸ ಮೇಡಂ ಓದಿದಳು. "ಹದಿನಾಲ್ಕು ಪಾಯಿಂಟ್ ಒಂದು. ಮಾಮೂಲಿ, ಅಕ್ಕ."

ಇಪ್ಪತ್ತಾರು ವರ್ಷದ ಇಪ್ಪತ್ತೆರಡು ಅಲ್ಲಿಗೆ ಹೋಯಿತು. ಪೊಲೀಸಕ್ಕ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದು, ಕೆಳಗೆ ಗೆರೆ ಎಳೆದಳು.

"ಸಾಕ್ಷಿ ಸೀಸೆ?"

"ಶುದ್ಧ."

"ಸರಿ, ಮುಂದಿನದು ತೆಗಿ."

ಹೊಸ ಮೇಡಂ ಫ್ರೀಜರಿನಿಂದ ನಲವತ್ತೆರಡನ್ನು ತಂದು ಮೇಜಿನ ಮೇಲಿಟ್ಟಳು. ಅದು ಮೆತ್ತಗಾಗಲು ಇನ್ನೂ ಇಪ್ಪತ್ತು ನಿಮಿಷ ಬೇಕಿತ್ತು. ಇಬ್ಬರೂ ಹೊಸ ಗವಸು ತೊಟ್ಟ ಕೈಗಳನ್ನು ಎಲ್ಲಿಯೂ ತಾಗಿಸದೆ, ಎದೆಯ ಮುಂದೆ ಎತ್ತಿ ಹಿಡಿದುಕೊಂಡು ಕಾದರು.